ರೇಷ್ಮೆಹುಳು ಗೂಡು ಕಟ್ಟುವುದನ್ನು ಫೋನಿನಲ್ಲೇ ಸೆರೆಹಿಡಿಯಿರಿ

ಪ್ರಕೃತಿಯ ಬೆರಗಿನ ವಿಡಿಯೊಗಳನ್ನು ಮಕ್ಕಳಿಗೆ ತೋರಿಸುವ ಶಿಡ್ಲಘಟ್ಟ, ಚಿಂತಾಮಣಿ ಸುತ್ತಿನ ಬಂಧುಗಳಲ್ಲಿ ಒಂದು ಮನವಿ: ಹುಳುಮನೆ ಇರುವವರು ಅಂಥದೊಂದನ್ನು ನೀವೇ ತೆಗೆಯಿರಿ. ಸೊಪ್ಪು ತಿನ್ನುವುದನ್ನು ಬಿಟ್ಟು ಹಣ್ಣಾದ ಹುಳುವನ್ನು ಚಂದ್ರಿಕೆಗೆ (ಹುಳು ಗೂಡು ಕಟ್ಟುವ ತಟ್ಟೆಗೆ) ಬಿಟ್ಟ ಮೇಲೆ, ಅದು ಒಂದೆಡೆ ನೆಲೆನಿಂತು ಎಳೆ ಬಿಡಲು ತೊಡಗಿದ ಕೂಡಲೇ ಫೋನನ್ನು ಅಲುಗಾಡದಂತೆ ಕಟ್ಟಿ, ಚಾರ್ಜರ್ ಸಿಕ್ಕಿಸಿ, ಟೈಮ್‌ಲ್ಯಾಪ್ಸ್‌ನಲ್ಲಿ 10 ಸೆಕೆಂಡಿಗೊಂದು ಚಿತ್ರ ಬರುವಂತೆ ಹೊಂದಿಸಿದರೆ, 5 ಗಂಟೆಗಳಲ್ಲಿ ದೊರೆಯುವ 1,800 ಚಿತ್ರಗಳು ಸೆಕೆಂಡಿಗೆ 30ರಂತೆ ಓಡಿ 1 ನಿಮಿಷದ ವಿಡಿಯೊ ಆಗುತ್ತವೆ. ಗೂಡು ಪೂರ್ತಿಯಾಗಲು ಎರಡು ಮೂರು ದಿನ ಬೇಕಾದರೂ ಮೊದಲ ಗಂಟೆಗಳೇ ಮುಖ್ಯ. ಆಗ ಪದರ ಇನ್ನೂ ತೆಳುವಾಗಿದ್ದು, ಒಳಗಿನ ಹುಳು ಸ್ಪಷ್ಟವಾಗಿ ಕಾಣುತ್ತದೆ.

ಹುಳು ತಲೆಯನ್ನು 8ರ ಆಕಾರದಲ್ಲಿ ಆಡಿಸುತ್ತಾ, ನೂರಾರು ಮೀಟರ್ ಉದ್ದದ ಒಂದೇ ಎಳೆಯನ್ನು ತನ್ನ ಸುತ್ತ ನೇಯ್ದುಕೊಳ್ಳುವ ಚಂದ ಟೈಮ್‌ಲ್ಯಾಪ್ಸ್‌ನಲ್ಲಿ ಸಿಗುವುದಿಲ್ಲವಾದ್ದರಿಂದ, ನಡುವೆ ಎರಡು ನಿಮಿಷ ಸಾಧಾರಣ ವಿಡಿಯೊವನ್ನೂ ಹತ್ತಿರದಿಂದ ತೆಗೆಯಿರಿ. ನನಗಂತೂ ಅದೇ ಹೆಚ್ಚು ಪ್ರಿಯ.

ಪ್ರಖರ ಬೆಳಕು ಬಿದ್ದರೆ ಹುಳುಗಳು ನೆರಳಿನತ್ತ ಸರಿಯುವುದರಿಂದ ಬಲ್ಬಿನ ಮುಂದೆ ಬಿಳಿ ಬಟ್ಟೆ ಇಳಿಬಿಡಿ. ಸೊಳ್ಳೆಬತ್ತಿಯನ್ನು ಮಾತ್ರ ಆ ಕೋಣೆಯಲ್ಲಿ ಹಚ್ಚಲೇಬೇಡಿ, ಅದರ ಹೊಗೆಗೆ ಹುಳುಗಳು ಸಾಯುತ್ತವೆ.