ಮಲೆನಾಡಿನ ಮನೆಯಲ್ಲಿ ಆಕ್ಸೊಲಾಟಲ್ ಸಾಕುವ ಮುನ್ನ

ಹಲ್ಲಿಯಂತೆ ಬಾಲವಿದ್ದರೂ ಕಪ್ಪೆಯಂತೆ ಉಭಯವಾಸಿಗಳಾದ ಸಾಲಮಾಂಡರ್ ಜಾತಿಯ ಪ್ರಾಣಿಗಳು ನಮ್ಮ ಪಶ್ಚಿಮಘಟ್ಟದಲ್ಲಿ ಇಲ್ಲ. ಡಾರ್ಜಿಲಿಂಗ್ ಕಡೆಯ ಬೆಟ್ಟಗಳಲ್ಲಿರುವ ಸಾಲಮಾಂಡರ್ ಆದ ಹಿಮಾಲಯದ ನ್ಯೂಟ್‌ಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವುದರಿಂದ ಅದನ್ನು ಸಾಕುವಂತಿಲ್ಲ. ಹೀಗಾಗಿ ಹೊಸಬರ ಕೈಗೆ ಬರುವುದು ಸಾಮಾನ್ಯವಾಗಿ ಮೆಕ್ಸಿಕೊ ಮೂಲದ ಸಾಲಮಾಂಡರ್ ಆದ ಆಕ್ಸೊಲಾಟಲ್. ತಲೆಯ ಎರಡೂ ಬದಿಯ ಗರಿಯಂಥ ಕಿವಿರುಗಳನ್ನು ಉಳಿಸಿಕೊಂಡು ಇಡೀ ಆಯಸ್ಸನ್ನು ನೀರಿನಲ್ಲೇ ಕಳೆಯುವ ಇದು 10ರಿಂದ 15 ವರ್ಷ ಬದುಕುತ್ತದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಇದರ ಹೆಸರಿರುವ ಕಾರಣ, ಮಾರುವವರಿಂದ ದಾಖಲೆ ಪಡೆದು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕಾಗುತ್ತದೆ.

ಇದಕ್ಕೆ ಒಗ್ಗುವುದು 16ರಿಂದ 18 ಡಿಗ್ರಿಯ ನೀರು. 24 ದಾಟಿದರೆ ಜೀವಕ್ಕೇ ಅಪಾಯ. ಮಲೆನಾಡು ತಂಪು ಎಂಬ ಹೆಮ್ಮೆಯನ್ನು ಈ ಒಂದು ವಿಷಯದಲ್ಲಿ ನಂಬಬಾರದು. ಕೊಳ್ಳುವ ಮೊದಲು, ಏಪ್ರಿಲ್ ತಿಂಗಳ ಒಂದು ವಾರ, ತೊಟ್ಟಿ ಇಡಬೇಕೆಂದಿರುವ ಜಾಗದಲ್ಲೇ ಒಂದು ಬಕೆಟ್ ನೀರಿಟ್ಟು, ಮಧ್ಯಾಹ್ನ ಮೂರು ಗಂಟೆಗೆ ಥರ್ಮಾಮೀಟರ್ ಅದ್ದಿ ಬರೆದುಕೊಳ್ಳಿ. ಆ ಏಳು ಅಂಕಿಗಳೇ ಮುಂದಿನ ಖರ್ಚನ್ನು ಹೇಳುತ್ತವೆ. ನೀರಿನ ಮೇಲೆ ಬೀಸುವ ಸಣ್ಣ ಫ್ಯಾನು ಆವಿಯಾಗುವಿಕೆಯಿಂದ ಎರಡು ಮೂರು ಡಿಗ್ರಿ ಇಳಿಸುತ್ತದೆ, ಅದೂ ಮಾರ್ಚಿನ ಒಣಗಾಳಿಯಲ್ಲಿ. ಗೋಡೆಯೇ ಬೆವರುವ ಜುಲೈಯಲ್ಲಿ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಆದ್ದರಿಂದ ಶಿವಮೊಗ್ಗದಂಥ ಊರಿನಲ್ಲಿ ತೊಟ್ಟಿಯ ನೀರನ್ನು ತಂಪಾಗಿಸುವ ಯಂತ್ರ, ಅಂದರೆ ಅಕ್ವೇರಿಯಂ ಚಿಲ್ಲರ್ ಇಲ್ಲದೆ ಇದನ್ನು ಸಾಕಲು ಹೊರಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಗಾಳಿಮಳೆಗೆ ಕರೆಂಟು ಹೋದಾಗ ತೇಲಿಬಿಡಲು ಫ್ರೀಜರಿನಲ್ಲಿ ಎರಡು ಬಾಟಲಿ ನೀರು ಹೆಪ್ಪುಗಟ್ಟಿರಲಿ, ಆದರೆ ಅದನ್ನು ದಿನನಿತ್ಯದ ಉಪಾಯ ಮಾಡಿಕೊಂಡರೆ ಉಷ್ಣತೆ ಏರಿಳಿದು ಪ್ರಾಣಿ ಸೊರಗುತ್ತದೆ.

ಒಂದು ಪ್ರಾಣಿಗೆ ಕನಿಷ್ಠ 75 ಲೀಟರಿನ, ಎತ್ತರಕ್ಕಿಂತ ಉದ್ದ ಹೆಚ್ಚಿರುವ ತೊಟ್ಟಿ ಬೇಕು. ತಳಕ್ಕೆ ಜಲ್ಲಿ ಹಾಕಬೇಡಿ, ನುಂಗಿಬಿಡುತ್ತದೆ. ಬರಿಯ ಗಾಜು ಸಾಕು. ಫಿಲ್ಟರಿನಲ್ಲಿ, ಪ್ರಾಣಿಯ ಹೊಲಸಿನಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟಾಗಿ, ಆಮೇಲೆ ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಪರೀಕ್ಷೆಯಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರುವ ತನಕ ಪ್ರಾಣಿಯನ್ನು ತರಬಾರದು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಬೇಕು. ಜಂಬಿಟ್ಟಿಗೆ ನೆಲದ ಬಾವಿನೀರು ಬಹುಮಟ್ಟಿಗೆ ಮೆದು, ಆಕ್ಸೊಲಾಟಲ್‌ಗೆ ತುಸು ಗಡಸು ನೀರೇ ಹಿತ. ಫಿಲ್ಟರಿನೊಳಗೆ ಚಿಕ್ಕ ಬಟ್ಟೆಚೀಲದಲ್ಲಿ ಚಿಪ್ಪಿನ ಚೂರು ಇಟ್ಟರೆ ಸರಿಹೋಗುತ್ತದೆ.

ಮೇವಿಗೆ ಎರೆಹುಳುವಿಗಿಂತ ಒಳ್ಳೆಯದಿಲ್ಲ; ಬೆಳೆದ ಪ್ರಾಣಿಗೆ ಎರಡು ಮೂರು ದಿನಕ್ಕೊಮ್ಮೆ ಕೊಟ್ಟರಾಯಿತು. ಆದರೆ ಅಡಿಕೆ ತೋಟದ ಹುಳು ಮಾತ್ರ ಬೇಡ. ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿರುವ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ, ಉಭಯವಾಸಿಗಳಿಗೆ ತಾಮ್ರ ವಿಷ. ಅದೇ ಕಾರಣಕ್ಕೆ ತೊಟ್ಟಿಗೆ ಸುರಿಯುವ ನೀರನ್ನು ಬಚ್ಚಲ ತಾಮ್ರದ ಹಂಡೆಯಿಂದ ತೋಡಬೇಡಿ, ಪ್ಲಾಸ್ಟಿಕ್ ಬಕೆಟ್ ಬಳಸಿ. ಗೊಬ್ಬರದ ಗುಂಡಿಯ ಕೆಂಪು ಹುಳುವನ್ನು ಕೆಲವು ಆಕ್ಸೊಲಾಟಲ್‌ಗಳು ಬಾಯಿಗೆ ಹಾಕಿಕೊಂಡು ಉಗುಳುತ್ತವೆ, ಅದು ಕಹಿಯಂತೆ.

ಕಿವಿರು ಮುಂದಕ್ಕೆ ಬಾಗಿದರೆ ಫಿಲ್ಟರಿನ ಸೆಳೆತ ಹೆಚ್ಚಾಗಿದೆಯೇ ನೋಡಿ. ಬಾಲದ ತುದಿ ಕೊಕ್ಕೆಯಾಗಿ ಮೇವು ಬಿಟ್ಟರೆ, ಅಂದೇ ನೀರು ಪರೀಕ್ಷಿಸಿ. ಸಾಕಲಾಗದಿದ್ದರೆ ತುಂಗೆಗಾಗಲಿ ಕೆರೆಗಾಗಲಿ ಬಿಡಬಾರದು. ಅದರ ಮೈಮೇಲಿರಬಹುದಾದ ಶಿಲೀಂಧ್ರ ನಮ್ಮ ಕಪ್ಪೆಗಳಿಗೆ ಹರಡಬಲ್ಲದು. ತೊಟ್ಟಿಯಿಂದ ತೆಗೆದ ನೀರನ್ನೂ ಹಳ್ಳಕ್ಕೆ ಚೆಲ್ಲದೆ ಬಚ್ಚಲ ಗುಂಡಿಗೆ ಸುರಿಯಿರಿ.