ಮಳೆಗಾಲದಲ್ಲಿ ಹಳೆಯ ಮನೆಯ ಹೋಮ್‌ಸ್ಟೇ: ಕೋಣೆಯ ದಿಕ್ಕು ಕೇಳಿರಿ
ಸಕಲೇಶಪುರ, ಮೂಡಿಗೆರೆ ಕಡೆಯ ಹಳೆಯ ತೊಟ್ಟಿಮನೆ ಅಥವಾ ಎಸ್ಟೇಟ್ ಬಂಗಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ತಂಗುವುದಾದರೆ, ಮುಂಗಡ ಕೊಡುವ ಮೊದಲೇ ಫೋನ್ ಮಾಡಿ ಪೂರ್ವ ದಿಕ್ಕಿನ ಕೋಣೆಯನ್ನೇ ಕೇಳಿರಿ. ನೈಋತ್ಯ ಮುಂಗಾರಿನ ಇರಚಲು ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೇ ಹೆಚ್ಚು ಹೊಡೆಯುವುದರಿಂದ, ಮಣ್ಣು ಅಥವಾ ಸುಣ್ಣದ ಗಾರೆಯ ಆ ಗೋಡೆಗಳು ನೀರು ಹೀರಿಕೊಂಡು ಮಳೆ ಬಿಟ್ಟರೂ ಬೇಗ ಆರುವುದಿಲ್ಲ; ಹಾಸಿಗೆ ತಣ್ಣಗೆ ತೇವವಾಗಿರುತ್ತದೆ, ಮೂಲೆಯಲ್ಲಿಟ್ಟ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಕಣಿವೆಯ ನೋಟಕ್ಕೆಂದು ಹೆಚ್ಚು ಬಾಡಿಗೆ ಹೇಳುವ ಕೋಣೆ ಪಶ್ಚಿಮಕ್ಕಿದ್ದರೆ ಬಿಟ್ಟುಬಿಡುವುದೇ ಲೇಸು, ಆಷಾಢದ ಮಂಜಿನಲ್ಲಿ ಆ ನೋಟವೂ ಹೆಚ್ಚು ಹೊತ್ತು ದಕ್ಕುವುದಿಲ್ಲ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಗುಡುಗಿನೊಡನೆ ಯಾವ ದಿಕ್ಕಿನಿಂದಲೂ ಬರಬಹುದಾದ್ದರಿಂದ ಆಗ ಈ ಲೆಕ್ಕ ನಡೆಯದು. ಹೆಂಚು ಒಡೆದು ಸೋರುವ ಮಾಡಿನ ಕೆಳಗಂತೂ ದಿಕ್ಕು ಯಾವುದಾದರೂ ಒಂದೇ.