ಸಂಘದ ಬೈಲಾದಲ್ಲಿ ‘ಯಾರಿಗೆ ವೋಟು’ ಎಂದು ಬರೆಯುವುದು ಹೇಗೆ?

ನಮ್ಮ ಮಲೆನಾಡಿನ ಹೋಬಳಿ ಸಂಘಗಳಲ್ಲಿ ದುಡ್ಡಿನ ಲೆಕ್ಕಕ್ಕಿಂತ ಜಾಸ್ತಿ ಗಲಾಟೆ ಆಗುವುದು ‘ಇವರಿಗೆ ವೋಟಿದೆಯಾ?’ ಎನ್ನುವ ಪ್ರಶ್ನೆಗೆ. ಸಭೆಯ ದಿನ ಬೆಳಿಗ್ಗೆ ಯಾರೋ ಒಬ್ಬರು ಮೂವತ್ತು ಜನರ ಬಾಕಿ ಚಂದಾ ಒಟ್ಟಿಗೆ ಕಟ್ಟಿ, ಎಲ್ಲರನ್ನೂ ಜೀಪಿನಲ್ಲಿ ಕರೆತರುತ್ತಾರೆ. ಬೈಲಾ, ಅಂದರೆ ಸಂಘದ ನಿಯಮಾವಳಿ, ತೆಗೆದು ನೋಡಿದರೆ ‘ಸದಸ್ಯರಿಗೆ ಮತದಾನದ ಹಕ್ಕು ಇರುತ್ತದೆ’ ಎಂಬ ಒಂದೇ ಸಾಲು ಇರುತ್ತದೆ. ಆಮೇಲೆ ಕೂಗಾಟ.

ಹಂತ 1: ಯಾವ ಕಾಯ್ದೆ ಎಂದು ನೋಡಿ

ಬೆಳೆಗಾರರ ಸಂಘ, ಯುವಕ ಸಂಘಗಳು ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಬರುತ್ತವೆ. ಕನಿಷ್ಠ 7 ಜನ ಸೇರಿದರೆ ನೋಂದಣಿ ಮಾಡಿಸಬಹುದು. ಹಾಲಿನ ಡೇರಿ, ಪತ್ತಿನ ಸಂಘಗಳು ಹೆಚ್ಚಾಗಿ 1959ರ ಸಹಕಾರ ಸಂಘಗಳ ಕಾಯ್ದೆಗೆ ಸೇರಿದವು. ಅಲ್ಲಿ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ವೋಟು. ಟೈಪಿಂಗ್ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಬೈಲಾದಲ್ಲಿ ಎರಡೂ ಕಲಸಿಕೊಂಡಿರುತ್ತವೆ. ಷೇರೇ ಇಲ್ಲದ ಸಂಘಕ್ಕೆ ‘ಷೇರುದಾರರು’ ಎಂದು ಬರೆದುಕೊಟ್ಟಿದ್ದನ್ನೂ ನೋಡಿದ್ದೇನೆ. ಅಗ್ಗಕ್ಕೆ ಸಿಗುತ್ತದೆ ಅಂತ ಆ ಮಾಲು ತರಬೇಡಿ.

ಹಂತ 2: ಸದಸ್ಯರ ಬಗೆ

ಸಾಮಾನ್ಯ, ಆಜೀವ, ಗೌರವ. ಇಷ್ಟು ಸಾಕು. ಮೊದಲಿನ ಎರಡಕ್ಕೆ ವೋಟಿದೆ, ಗೌರವ ಸದಸ್ಯರಿಗೆ ಇಲ್ಲ ಎಂದು ಬಾಯಿಬಿಟ್ಟು ಬರೆಯಿರಿ. ಪೋಷಕ, ಮಹಾಪೋಷಕ ಎಲ್ಲ ದೇಣಿಗೆ ಕೊಟ್ಟವರಿಗೆ ಶಾಲು ಹೊದಿಸುವ ಹೆಸರುಗಳು. ಅವಕ್ಕೆ ವೋಟು ಅಂಟಿಸಬೇಡಿ.

ಹಂತ 3: ತೋಟಕ್ಕೊಂದು ವೋಟೋ, ತಲೆಗೊಂದೋ?

ಸಕಲೇಶಪುರ, ಮೂಡಿಗೆರೆ ಕಡೆ ಇದು ದೊಡ್ಡ ತಲೆನೋವು. ಪಹಣಿ (ಜಮೀನಿನ ದಾಖಲೆ) ಇನ್ನೂ ಅಜ್ಜನ ಹೆಸರಲ್ಲೇ ಇರುತ್ತದೆ. ತೋಟ ನೋಡಿಕೊಳ್ಳುವುದು ಒಬ್ಬ ಮೊಮ್ಮಗ, ಇನ್ನಿಬ್ಬರು ಬೆಂಗಳೂರಿನಲ್ಲಿ. ಮೂವರೂ ಸಭೆಗೆ ಬಂದರೆ ಎಷ್ಟು ವೋಟು? ನನ್ನ ಪ್ರಕಾರ ತಲೆಗೊಂದೇ ಸರಿ. 18 ವರ್ಷ ತುಂಬಿ, ಪಹಣಿಯಲ್ಲಿ ಹೆಸರಿದ್ದು, ಸ್ವಂತ ಅರ್ಜಿ ಹಾಕಿ ಚಂದಾ ಕಟ್ಟಿದವರಿಗೆ ವೋಟು. ಪೌತಿ ಖಾತೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗದ ಮನೆಯವರು ವಂಶವೃಕ್ಷ ಕೊಟ್ಟರೂ ಒಪ್ಪಬೇಕು. ಇಲ್ಲದಿದ್ದರೆ ಅರ್ಧ ಊರು ಹೊರಗೆ ಉಳಿಯುತ್ತದೆ. ಇನ್ನೊಂದು ಮಾತು: ಸದಸ್ಯತ್ವ ಆಸ್ತಿಯ ಹಾಗೆ ಮಕ್ಕಳಿಗೆ ಇಳಿದು ಬರುವುದಿಲ್ಲ, ವಾರಸುದಾರರು ಹೊಸದಾಗಿ ಅರ್ಜಿ ಹಾಕಬೇಕು ಎಂದು ಸೇರಿಸಿ.

ಹಂತ 4: ಸದಸ್ಯತ್ವ ಬೇರೆ, ವೋಟಿನ ಅರ್ಹತೆ ಬೇರೆ

ಎಡವುವುದೆಲ್ಲ ಇಲ್ಲೇ. ಚಂದಾ ಬಾಕಿ ಇಟ್ಟವರನ್ನು ಒಮ್ಮೆಲೇ ತೆಗೆದುಹಾಕುವುದು ತಪ್ಪು. ಹಾಗಂತ ಅವರಿಗೂ ವೋಟು ಕೊಟ್ಟರೆ ಸಮಯಕ್ಕೆ ಕಟ್ಟಿದವರಿಗೆ ಮೋಸ. ನಡುವಿನ ದಾರಿ ಒಂದಿದೆ: ಸದಸ್ಯತ್ವ ಉಳಿಯಲಿ, ವೋಟು ಮಾತ್ರ ನಿಲ್ಲಲಿ. 1860ರ ಕೇಂದ್ರದ ಸಂಘಗಳ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಮೂರು ತಿಂಗಳಿಗಿಂತ ಜಾಸ್ತಿ ಬಾಕಿ ಇದ್ದವರಿಗೆ ವೋಟಿಲ್ಲ ಎಂದಿತ್ತು. ಅದು ಒಳ್ಳೆಯ ಅಳತೆ.

ದಿನಾಂಕ ಹಾಕದೆ ಬರೆಯಬೇಡಿ. ಹೀಗಿರಲಿ: ‘ವರ್ಷದ ಚಂದಾ ಮಾರ್ಚ್ 31ಕ್ಕೆ ಸಲ್ಲಬೇಕು. ಜೂನ್ 30ರ ಒಳಗೆ ಕಟ್ಟದವರಿಗೆ ಆ ವರ್ಷದ ಸರ್ವಸದಸ್ಯರ ಸಭೆಯಲ್ಲಿ ಮತದ ಹಕ್ಕು ಇರುವುದಿಲ್ಲ. ನಂತರ ಕಟ್ಟಿದರೆ ಸದಸ್ಯತ್ವ ಮುಂದುವರಿಯುತ್ತದೆ, ಮತದ ಹಕ್ಕು ಮುಂದಿನ ವಾರ್ಷಿಕ ಸಭೆಗೆ ಅನ್ವಯಿಸುತ್ತದೆ.’ ಜೀಪಿನ ಆಟ ಇಲ್ಲಿಗೆ ಮುಗಿಯಿತು.

ಆದರೆ ಬಾಕಿಯ ನೋಟಿಸ್ ಕೊಡದೆ ಯಾರ ವೋಟನ್ನೂ ನಿಲ್ಲಿಸಬಾರದು. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದೆವಲ್ಲ ಎನ್ನುವ ಉತ್ತರ ನಿಲ್ಲುವುದಿಲ್ಲ. ಅಂಚೆಯಲ್ಲಿ ಒಂದು ಪತ್ರ ಹೋಗಲಿ. ಸಭೆಗೆ 30 ದಿನ ಮೊದಲು ಅರ್ಹ ಮತದಾರರ ಪಟ್ಟಿಯನ್ನು ಬೋರ್ಡಿಗೆ ಅಂಟಿಸಿ. ಆಕ್ಷೇಪಣೆಗೆ 15 ದಿನ ಕೊಡಿ. ಅದನ್ನು ತೀರ್ಮಾನಿಸುವವರು ಚುನಾವಣೆಗೆ ನಿಂತವರಾಗಿರಬಾರದು. ಹೊಸ ಸದಸ್ಯರಿಗೆ ಆರು ತಿಂಗಳು ಕಳೆದ ಮೇಲೆ ವೋಟು ಎಂದಿಟ್ಟರೆ, ಚುನಾವಣೆ ಹತ್ತಿರ ಬಂದಾಗ ಸುಮ್ನೆ ಹೆಸರು ತುಂಬುವುದೂ ನಿಲ್ಲುತ್ತದೆ.

ತೀರಿಹೋದವರ ಹೆಸರನ್ನು ವರ್ಷಕ್ಕೊಮ್ಮೆ ಪಟ್ಟಿಯಿಂದ ತೆಗೆಯಲು ಒಂದು ನಿಯಮ ಬೇಕು. 1960ರ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಮೂರನೇ ಒಂದು ಭಾಗದಷ್ಟು ಸದಸ್ಯರು ಕೇಳಿದರೆ ನೋಂದಣಾಧಿಕಾರಿ ಸಂಘದ ವಿಚಾರಣೆ ನಡೆಸಲೇಬೇಕು. ಸತ್ತವರ ಹೆಸರೂ ಲೆಕ್ಕಕ್ಕೆ ಬಂದರೆ ಆ ಮೂರನೇ ಒಂದು ಭಾಗ ಸೇರಿಸುವುದು ಕಷ್ಟ, ಅಲ್ವಾ? ಕೆಲವು ಪದಾಧಿಕಾರಿಗಳಿಗೆ ಅದೇ ಬೇಕಾಗಿರುತ್ತದೆ.

ಹಂತ 5: ಉಳಿದದ್ದು

ಬದಲಿ ವೋಟು, ಅಂದರೆ ಬಾರದವರ ಪರವಾಗಿ ಇನ್ನೊಬ್ಬರು ಹಾಕುವ ವೋಟು, ಬೇಡ. ಅಧ್ಯಕ್ಷರ ಹೆಚ್ಚುವರಿ ವೋಟು ಸಮಬಲವಾದಾಗ ಮಾತ್ರ.

ಹಂತ 6: ಪಾಸು ಮಾಡಿಸುವುದು

ತಿದ್ದುಪಡಿಯ ಪೂರ್ತಿ ಕರಡನ್ನು ಸಭೆಯ ನೋಟಿಸಿನ ಜೊತೆಗೇ ಕಳಿಸಿ. ಸಭೆ ಸೆಪ್ಟೆಂಬರಿನಲ್ಲಿ ಇಟ್ಟುಕೊಳ್ಳಿ. ಜುಲೈ ಮಳೆಯಲ್ಲಿ ಯಾರೂ ಬರುವುದಿಲ್ಲ, ಡಿಸೆಂಬರಿನಲ್ಲಿ ಎಲ್ಲರೂ ಕಾಫಿ ಕೊಯ್ಲಿನಲ್ಲಿರುತ್ತಾರೆ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಆಗುವುದಿಲ್ಲ. ನಡಾವಳಿಗೆ ಸಹಿ ಆದ ಮೇಲೆ ಪ್ರತಿಯನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಕೊಟ್ಟು, ಸೀಲು ಹಾಕಿಸಿಕೊಂಡು ಬನ್ನಿ. ಆ ಪ್ರತಿ ಕಾರ್ಯದರ್ಶಿಯ ಮನೆ ಬೀರುವಿನಲ್ಲಿ ಇರಬಾರದು, ಸಂಘದ ಕಚೇರಿಯಲ್ಲೇ ಇರಬೇಕು. ಕೇಳಿದ ಸದಸ್ಯರಿಗೆ ಝೆರಾಕ್ಸ್ ಕೊಡಬೇಕು ಎಂಬುದನ್ನೂ ಬೈಲಾದಲ್ಲೇ ಬರೆದುಬಿಡಿ.